ತಲೆಕೆಳಗಾದ ಹದಿನಾರು ಪುಟ

ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ಹಿಂದಿನ ಬೆಂಚಿನಲ್ಲಿ ಪಿಸುಗುಟ್ಟುತ್ತಿರುವ ಮಕ್ಕಳೇ, ಸಭಿಕರೇ,

ಚೀಟಿ ಬರೆದುಕೊಂಡು ಬಂದಿದ್ದೇನೆ. ತಡವರಿಸಿದರೆ ಮನ್ನಿಸಬೇಕು. "ಅಪ್ಪ, ಥ್ಯಾಂಕ್ಸ್ ಹೇಳಿ ಕೂತ್ಕೊಂಡ್ಬಿಡು, ಸುಮ್ನೆ ಏನೇನೋ ಎಳೀಬೇಡ" ಎಂದು ಮಗಳು ಬಾಗಿಲಲ್ಲೇ ಎಚ್ಚರಿಸಿದ್ದಾಳೆ. ಆದರೆ ಅಧ್ಯಕ್ಷರು ಈಗ ತಾನೇ ಹೇಳಿದರಲ್ಲ, ಈ ಶಾಲೆಯ ಪುಸ್ತಕಗಳನ್ನು ಮೂವತ್ತೊಂದು ವರ್ಷ ಒಂದೂ ತಪ್ಪಿಲ್ಲದೆ ಬೈಂಡ್ ಮಾಡಿದವರು ಎಂದು? ಅದನ್ನು ಕೇಳಿಯೂ ಸುಮ್ಮನೆ ಕೂರುವುದು ಹೇಗೆ?

ನಾನು ಹೊಲಿದ ಪುಸ್ತಕವನ್ನು ನಾಲ್ಕು ಜನ ಎಳೆದಾಡಿದರೂ ಬಿಚ್ಚುವುದಿಲ್ಲ. ಅದು ನಿಜ. ಆದರೆ ತಪ್ಪಿದೆ, ಸ್ವಾಮಿ. ಒಂದಿದೆ.

ಗ್ರಂಥಾಲಯದ ದಪ್ಪ ಇಂಗ್ಲಿಷ್ ನಿಘಂಟು ಹೊಲಿಗೆ ಬಿಟ್ಟು ನನ್ನ ಮೇಜಿಗೆ ಬಂದಿತ್ತು. ನಮ್ಮ ಕಾಲದಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೇ ತರಗತಿಗೆ, ನಾನು ಶಾಲೆ ಬಿಟ್ಟದ್ದು ನಾಲ್ಕಕ್ಕೆ. ಪುಟದ ಸಂಖ್ಯೆ ನೋಡಿಯೇ ಜೋಡಿಸುತ್ತಿದ್ದೆ. ಒಂದು ಫಾರಂ, ಅಂದರೆ ಹದಿನಾರು ಪುಟಗಳ ಕಟ್ಟು, ಅದರ ಮೂಲೆಗಳನ್ನು ಇಲಿ ತಿಂದಿತ್ತು. ಅಂದಾಜಿನ ಮೇಲೆ ಹೊಲಿದೆ. ರಟ್ಟು ಹಾಕಿದೆ. ಮರುದಿನ ಹುಡುಗಿಯೊಬ್ಬಳು ಓದುತ್ತ ಓದುತ್ತ ಇಡೀ ಪುಸ್ತಕವನ್ನೇ ತಲೆಕೆಳಗು ಮಾಡಿಕೊಂಡಳು. ಆ ಹದಿನಾರು ಪುಟಗಳನ್ನು ನಾನು ತಲೆಕೆಳಗಾಗಿ ಹೊಲಿದಿದ್ದೆ.

ಏಕೆ ಹೇಳಲಿಲ್ಲ? ಚಿಕ್ಕಂದಿನಲ್ಲಿ ನಾನು ಮಗ್ಗಿ ತಪ್ಪಿದ ದಿನ ತರಗತಿಗೆ ತರಗತಿಯೇ "ಶೇಮ್ ಶೇಮ್" ಎಂದು ಕೂಗಿತ್ತು. ಶಾಲೆಯಲ್ಲಿ ನಾನು ಕಲಿತ ಒಂದೇ ಇಂಗ್ಲಿಷ್ ಪದ ಅದು. ಮರುದಿನದಿಂದ ಹೋಗಲಿಲ್ಲ. ಆ ಕೂಗಿಗೆ ಹೆದರಿಯೇ ನಿಘಂಟನ್ನು ಯಾರಿಗೂ ಎಟುಕದ ಮೇಲಿನ ಕಪಾಟಿಗೆ ಏರಿಸಿ, ಹನ್ನೊಂದು ವರ್ಷ ಏಣಿ ಕಂಡರೆ ಬೆವರುತ್ತಿದ್ದೆ.

ಆಗ ಇಲ್ಲೇ ಓದುತ್ತಿದ್ದ ಮಗಳು ಒಂದು ದಿನ ಬಂದು, "ಅಪ್ಪ, ಶೇಮ್ ಅನ್ನೋ ಪದದ ಮೇಲೆ ಪ್ರಬಂಧ ಬರೀಬೇಕು, ದೊಡ್ಡ ಡಿಕ್ಷನರಿ ಕೊಡಿಸು" ಎಂದಳು.

"ರಿಪೇರಿಗೆ ಹೋಗಿದೆ ಕಣಮ್ಮ."

"ರಿಪೇರಿ ಮಾಡೋನು ನೀನೇ ಅಲ್ವಾ?"

ಅಂಟಿನ ಡಬ್ಬಿ ಹುಡುಕುವವನಂತೆ ಮೇಜಿನ ಕೆಳಗೆ ಬಗ್ಗಿದೆ.

ಈಗ ಅವಳು ಬೇರೊಂದು ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಕಳೆದ ವಾರ ನಿಘಂಟನ್ನು ಅವಳ ಮುಂದಿಟ್ಟು ಎಲ್ಲ ಹೇಳಿದೆ. ಬೈಯಲಿಲ್ಲ. ಹೊಲಿಗೆ ಬಿಚ್ಚಿದೆವು. ಶೇಮ್ ಎಂಬ ಆ ಪದ ಅದೇ ಹದಿನಾರು ಪುಟಗಳಲ್ಲಿತ್ತು. ತಪ್ಪು ಮಾಡಿದೆನೆಂದು ತನಗೇ ತಿಳಿದಾಗ ಆಗುವ ನೋವು ಎಂದು ಓದಿ ಹೇಳಿದಳು.

"ಜನ ಕೂಗೋದರ ಬಗ್ಗೆ ಏನೂ ಇಲ್ವಾ?" ಎಂದೆ.

"ಇದೆ ಅಪ್ಪ. ಅದನ್ನ ಬಳಕೆ ಅಂತ ಕೆಳಗೆ ಹಾಕಿದ್ದಾರೆ. ಅರ್ಥ ಇಷ್ಟೇ."

ಅವಳು ದಾರ ಪೋಣಿಸಿ ಕೊಟ್ಟಳು, ನಾನು ಹೊಲಿದೆ. ಮೂವತ್ತೊಂದು ವರ್ಷದ ಹೊಲಿಗೆಯಲ್ಲಿ ನನ್ನ ಹೆಮ್ಮೆ ಅದೇ. ಇಂದು ಬೆಳಿಗ್ಗೆ ನಿಘಂಟನ್ನು ಚಿಕ್ಕವರಿಗೂ ಎಟುಕುವ ಕೆಳಗಿನ ಕಪಾಟಿನಲ್ಲಿಟ್ಟು ಬಂದಿದ್ದೇನೆ.

ಅಧ್ಯಕ್ಷರೇ, ಒಂದೇ ಬೇಡಿಕೆ. ಈ ಸನ್ಮಾನಪತ್ರದಲ್ಲಿ ಒಂದೂ ತಪ್ಪಿಲ್ಲದೆ ಎಂಬುದನ್ನು ಹೊಡೆದುಹಾಕಿ, ಒಂದು ತಪ್ಪು ಮಾಡಿ ಸರಿಪಡಿಸಿದರು ಎಂದು ಬರೆದುಕೊಡಿ. ಆಗ ಅದನ್ನು ಮನೆಯ ಗೋಡೆಗೆ ಹಾಕಿ ತಲೆಯೆತ್ತಿ ನೋಡುತ್ತೇನೆ.

ಇಷ್ಟು ಹೊತ್ತು ಯಾರೂ ಕೂಗಲಿಲ್ಲ. ಅದಕ್ಕಾಗಿ ಮಕ್ಕಳಿಗೆ ಮೊದಲ ಧನ್ಯವಾದ, ಉಳಿದವರಿಗೆ ಆಮೇಲೆ. ಚೀಟಿ ಮುಗಿಯಿತು. ನಮಸ್ಕಾರ.