ಕಲ್ಲಿನ ಚರ್ಚೂ ಶ್ರೀಮತಿ ಮನೆಯವರೂ

ವೇದಿಕೆಯ ಮೇಲಿರುವ ನಮ್ಮ ಒಮಾನಿನ ಸೀಬ್ ಕನ್ನಡ ಬಳಗದ ಅಧ್ಯಕ್ಷರಾದ ಹೊನ್ನಪ್ಪನವರೇ, ಮುಖ್ಯ ಅತಿಥಿಗಳೇ, ಊಟ ಎಷ್ಟು ಹೊತ್ತಿಗೆಂದು ಗಡಿಯಾರ ನೋಡುತ್ತಿರುವ ಆತ್ಮೀಯ ಸಭಿಕರೇ,

ಈ ಸಭಾಂಗಣ ಗುಂಯ್ಗುಡದಂತೆ ಗೋಡೆಗಳಿಗೆ ರುಸೈಲ್‌ನಲ್ಲಿರುವ ನನ್ನ ಕಾರ್ಖಾನೆಯ ಸದ್ದು ಹೀರುವ ಫೋಮ್ ಹಾಕಿಸಿಕೊಟ್ಟೆನೆಂದು ನಮ್ಮಿಬ್ಬರಿಗೂ ಸನ್ಮಾನ ಮಾಡಿದ್ದೀರಿ. ಶಾಲು ಹೊದಿಸಿದ್ದೀರಿ, ಹಣ್ಣಿನ ಬುಟ್ಟಿ ಕೊಟ್ಟಿದ್ದೀರಿ. ಫಲಕದ ಮೇಲಿನ ಬರಹವನ್ನು ನನ್ನ ಹೆಂಡತಿ ಓದುವ ತನಕ ಎಲ್ಲವೂ ಚೆನ್ನಾಗಿತ್ತು. ಅದರಲ್ಲಿ ಹೀಗಿದೆ: 'ಶ್ರೀ ಶರ್ಫುದ್ದೀನ್ ಮತ್ತು ಶ್ರೀಮತಿ ಮನೆಯವರು.'

ತಪ್ಪು ಹೊನ್ನಪ್ಪನವರದ್ದಲ್ಲ. "ಮೇಡಂ ಹೆಸ್ರು ಏನಂತ ಬರೆಸೋಣ ಸಾರ್?" ಎಂದು ಫೋನಿನಲ್ಲಿ ಕೇಳಿದ್ದರು. ಲಾರಿಗೆ ಮಾಲು ತುಂಬಿಸುತ್ತಿದ್ದ ನಾನು, "ನಮ್ಮ ಮನೆಯವರು ಅಂತ ಹಾಕಿ ಮಾರಾಯ್ರೆ" ಎಂದೆ. ಅವರು ಮೈಸೂರಿನವರು, ಪ್ರಾಮಾಣಿಕರು, ಹೇಳಿದ್ದನ್ನೇ ಹಾಕಿಸಿದರು. ಈಗ ಫೋಟೋಕ್ಕೆ ನಗುನಗುತ್ತಲೇ ಇವಳು ನನ್ನ ಕಿವಿಯಲ್ಲಿ ಹೇಳಿದಳು: "ಆ ಮನೆಯವರನ್ನೇ ಕಾರಲ್ಲಿ ಕೂರಿಸಿಕೊಂಡು ಹೋಗಿ. ನಾನು ತಂಗಿಯೊಟ್ಟಿಗೆ ಇಬ್ರಿಗೆ, ಅವಳ ಊರಿಗೇ ಹೋಗ್ತೇನೆ." ಹೋಗುವವಳೇ, ನನಗೆ ಗೊತ್ತು. ಆದ್ದರಿಂದ ಇದು ಬರೀ ಕೃತಜ್ಞತೆಯ ಭಾಷಣವೆಂದು ನೀವು ತಿಳಿದಿದ್ದರೆ ಕ್ಷಮಿಸಬೇಕು.

ಧ್ವನಿಯ ಬಗ್ಗೆ ನಾಲ್ಕು ಮಾತಾಡಿ ಎಂದಿದ್ದೀರಿ. ಧ್ವನಿಯ ಬಗ್ಗೆ ನನಗೇನು ಗೊತ್ತು? ಅದನ್ನು ಅಡಗಿಸುವುದು ಗೊತ್ತು. ಕಳೆದ ವರ್ಷ ಫ್ರಾನ್ಸ್ ಪ್ರವಾಸದಲ್ಲಿ, ನಮ್ಮನ್ನು ಕರೆದುಕೊಂಡು ಹೋಗಿದ್ದ ಮಂಗಳೂರಿನ ಗ್ಲೋರಿಯಾ ಒಂದು ಚರ್ಚಿನ ಮುಂದೆ ಬಸ್ಸು ನಿಲ್ಲಿಸಿದರು. ಒಂಬೈನೂರು ವರ್ಷದ ಹಿಂದೆ ಕ್ರೈಸ್ತ ಸನ್ಯಾಸಿಗಳು ಕಟ್ಟಿಕೊಂಡದ್ದು. ಶೈಲಿಯ ಹೆಸರು ರೋಮನೆಸ್ಕ್. ಚಿತ್ರವಿಲ್ಲ, ಚಿನ್ನವಿಲ್ಲ. ಆಳುದ್ದ ದಪ್ಪದ ಗೋಡೆ, ಸಾಲು ಸಾಲು ದುಂಡು ಕಮಾನು, ಮೇಲೆ ಮಗುಚಿಟ್ಟ ದೋಣಿಯಂಥ ಕಲ್ಲಿನ ಛಾವಣಿ, ಸಣ್ಣ ಕಿಟಕಿಯಿಂದ ಬಿದ್ದ ಒಂದೇ ಒಂದು ಪಟ್ಟಿ ಬಿಸಿಲು. ಇಷ್ಟು ಬೋಳಾದದ್ದು ಇಷ್ಟು ಚಂದ ಇರಬಹುದೇ? ಅಲ್ಲಿ ಒಂದು ಸ್ವರ ಎತ್ತಿದರೆ ಎಂಟು ಸೆಕೆಂಡು ಆರುವುದಿಲ್ಲವಂತೆ. ಅವಸರ ಮಾಡಿದರೆ ಎಲ್ಲ ಕಲಸುಮೇಲೋಗರ. ಅದಕ್ಕೇ ಸನ್ಯಾಸಿಗಳು ಹಿಂದಿನ ಸ್ವರಕ್ಕೆ ದಾರಿ ಬಿಟ್ಟು ನಿಧಾನವಾಗಿ ಹಾಡುತ್ತಿದ್ದರಂತೆ. ನಾನೋ, ಇದಕ್ಕೆ ಎಷ್ಟು ಫೋಮ್ ಬೇಕೆಂದು ಮನಸ್ಸಿನಲ್ಲೇ ಅಳತೆ ಹಾಕುತ್ತಿದ್ದೆ.

ಅಷ್ಟರಲ್ಲಿ ಇವಳು ಕಾಣಿಸಲಿಲ್ಲ. ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ಅಭ್ಯಾಸ ನಮ್ಮ ಮನೆತನದಲ್ಲೇ ಇಲ್ಲ. "ಓಯ್, ಇಲ್ಲಿ ಕೇಳು!" ಎಂದೆ. ಆ ಕಲ್ಲುಗಳು ಅದನ್ನು ಎಂಟು ಸೆಕೆಂಡು ಹೇಳಿದವು. ನಮ್ಮ ಬಸ್ಸಿನ ಹೆಂಗಸರೆಲ್ಲ ತಿರುಗಿ ನೋಡಿದರು. ಎಲ್ಲರ ಹೆಸರೂ ಅದೇ! ತಿರುಗದವಳು ಇವಳೊಬ್ಬಳೇ.

ನನ್ನ "ಓಯ್" ಆರಿದ ಮೇಲೆ ಒಂದು ಹಾಡು ಕೇಳಿಸಿತು. ನಮ್ಮ ಬ್ಯಾರಿ ಮದುವೆಮನೆಯ ಹಾಡು. ಸಣ್ಣ ದನಿ, ಆದರೆ ಹತ್ತು ಜನ ಸೇರಿ ಹಾಡಿದಂತೆ ಚರ್ಚಿನ ತುಂಬ. ನನ್ನ ಮೈ ಜುಮ್ಮೆಂದಿತು.

"ಯಾರು ಅದು ಹಾಡುವುದು?" ಎಂದು ಗ್ಲೋರಿಯಾರನ್ನು ಕೇಳಿದೆ.

"ನಿಮ್ಮ ಹೆಂಡತಿಯೇ ಅಲ್ವಾ? ಬಸ್ಸಲ್ಲೂ ಹಾಡ್ತಾ ಇದ್ರಲ್ಲ, ನಿಮಗೆ ಗೊತ್ತಿಲ್ವಾ?" ಎಂದರು.

ಇಪ್ಪತ್ತೇಳು ವರ್ಷದ ಸಂಸಾರ ಸಭಿಕರೇ, ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ನಿದ್ದೆಗೆ ತೊಂದರೆಯಾಗಬಾರದೆಂದು ಅಡುಗೆಮನೆಗೂ ನನ್ನ ಕೋಣೆಗೂ ನಡುವೆ ಫೋಮ್ ಹಾಕಿಸಿದ್ದೇನೆ. ನನ್ನ ಕಾರ್ಖಾನೆಯ ಅತ್ಯುತ್ತಮ ಮಾಲು! ಅವಳು ಹಾಡಿದ್ದನ್ನೆಲ್ಲ ಅದು ಕುಡಿದಿದೆ. ಹೇಳಲು ನಾಚಿಕೆಯಾಗುತ್ತದೆ, ನೆನೆದರೆ ಸಂಕಟವೂ ಆಗುತ್ತದೆ. ಹೋಗಲಿ, ಹೊರಗೆ ಬಂದಾಗ ಚಂದ ಹಾಡಿದೆ ಎಂದೆನೇ? ಇಲ್ಲ. "ಬಸ್ಸು ಹೊರಡ್ತದೆ, ಯಲ್ಲಾ ಯಲ್ಲಾ, ಬೇಗ ಬೇಗ" ಎಂದೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಮುಗಿಸಬೇಕಂತೆ. ಮುಗಿಸುತ್ತೇನೆ. ಹೊನ್ನಪ್ಪನವರೇ, ಮೈಕು ಸ್ವಲ್ಪ ಜೋರು ಮಾಡಿಸಿ. ನನ್ನ ಹೆಂಡತಿಯ ಹೆಸರು ನಬೀಸಾ. ಆ ಚರ್ಚಿನಲ್ಲಾದರೆ ಒಂದು ಸಲ ಕರೆದರೆ ಸಾಕಿತ್ತು, ಉಳಿದದ್ದನ್ನು ಕಲ್ಲುಗಳು ನೋಡಿಕೊಳ್ಳುತ್ತಿದ್ದವು. ಇಲ್ಲಿ ಪ್ರತಿಧ್ವನಿ ಬಾರದಂತೆ ಮಾಡಿದವನು ನಾನು. ಹಾಗಾಗಿ ನಾನೇ ಹೇಳಬೇಕು. ನಬೀಸಾ. ನಬೀಸಾ. ನಬೀಸಾ.

ಏನೋ ಹೇಳುತ್ತಿದ್ದಾಳೆ, ಸ್ವಲ್ಪ ತಡೆಯಿರಿ. "ಇಷ್ಟು ಜೋರು ಎಂತಕ್ಕೆ? ನಾನೆಂತ ಕಿವುಡಿಯಾ?" ಎನ್ನುತ್ತಿದ್ದಾಳೆ.

ಇಬ್ರಿಗೆ ಹೋಗುವವರು ಹೀಗೆ ಬೈಯುವುದಿಲ್ಲ. ನಿಮ್ಮೆಲ್ಲರಿಗೂ ದೊಡ್ಡ ಉಪಕಾರವಾಯಿತು, ನಮಸ್ಕಾರ.