ನಗೋದು ನನ್ನ ಕೆಲಸ

ಬಸ್ ಸ್ಟಾಪಿನ ಬೆಂಚಿನ ತುದಿಯಲ್ಲಿ ಕೂತಿದ್ದ ದರ್ಜಿ ಹೆಂಗಸಿಗೆ ಕಂಡವರ ಮಾತಿಗೆ ಕಿವಿ ಕೊಡುವ ಚಟವೇನೂ ಇರಲಿಲ್ಲ. ಆದರೆ ಪಕ್ಕದಲ್ಲಿ ಅತ್ತಿಗೆ ನಾದಿನಿಯರು ಆಡಿಕೊಳ್ಳುತ್ತಿದ್ದ ಮಾತು ಕಿವಿಗೆ ಬಿದ್ದಿದ್ದೇ ಅವಳು ತನ್ನ ಬಸ್ಸನ್ನು ಸುಮ್ಮನೆ ಹೋಗಗೊಟ್ಟಳು.

"ಕನ್ನಡಕ ತೊಡಿಸುವಾಗ ನಕ್ಕೆ, ಅಷ್ಟೇ ಅತ್ತಿಗೆ. ಅಂಗಡಿಗೆ ಬಂದವರಿಗೆಲ್ಲ ನಗ್ತೀನಿ."

"ಆ ಗಿರಾಕಿ ತನಗೆ ಮಾತ್ರ ಅಂದ್ಕೊಂಡ."

"ಹ್ಞೂಂ. ದಿನಾ ಬಂದು ಫ್ರೇಮ್ ಸಡಿಲ ಅಂತ ಮುಖ ಒಡ್ಡಿದ. ನನಗೆ ಅಂಥದ್ದೇನಿಲ್ಲ ಅಂದಾಗ, ಆಸೆ ಹುಟ್ಟಿಸಿದ್ದೇ ಇವಳು ಅಂತ ಮಾಲೀಕರ ಮುಂದೆ ಕೂಗಾಡಿದ. ನನ್ನ ಕೆಲಸ ಹೋಯ್ತು."

"ಅದಕ್ಕೇ ನಿನ್ನೆ ಅವನ ಚಪ್ಪಲಿ ಅಂಗಡಿಗೆ ಹೋದ್ಯಾ?"

"ಅಲ್ಲಿ ಅವನು ಒಬ್ಬರು ಅಜ್ಜಿಯ ಕಾಲು ಹಿಡಿದು ಚಪ್ಪಲಿ ತೊಡಿಸ್ತಾ ಹಲ್ಲು ಕಿರೀತಿದ್ದ. 'ಅಜ್ಜಿ, ಇವನಿಗೆ ನಿಮ್ಮ ಮೇಲೆ ಮನಸ್ಸಾಗಿದೆ. ನೋಡಿ, ನಗ್ತಿದ್ದಾನೆ, ಕಾಲೂ ಬಿಡ್ತಿಲ್ಲ' ಅಂದೆ."

"ಅಯ್ಯೋ, ಅಷ್ಟು ಜನರ ಮುಂದೆ!"

"ಜನರ ಮುಂದೇನೇ. ಅಜ್ಜಿ ಸರಕ್ಕನೆ ಕಾಲು ಎಳ್ಕೊಂಡ್ರು. ಇವನು ಕೆಂಪಗಾಗಿ, 'ಗಿರಾಕಿಗಳಿಗೆ ನಗೋದು ನನ್ನ ಕೆಲಸ ಕಣ್ರೀ!' ಅಂತ ಕಿರುಚಿದ."

"ಅವನ ಬಾಯಿಂದಲೇ ಬಂತು!"

"ಗಲ್ಲಾದಲ್ಲಿ ಕೂತಿದ್ದ ಅವನ ಹೆಂಡತಿ ಎದ್ದು ಬಂದು, ಏನಮ್ಮ ವಿಷಯ ಅಂದ್ರು. ಒಂದೂ ಬಿಡದೆ ಹೇಳ್ದೆ."

ಅವರ ಬಸ್ಸು ಬಂತು. ಇಬ್ಬರೂ ಚೀಲ ಎತ್ತಿಕೊಂಡು ಹತ್ತಿದರು. ದರ್ಜಿಯವಳು ತನಗೇ ತಿಳಿಯದಂತೆ ಎದ್ದು ಬಾಗಿಲವರೆಗೂ ಹೋಗಿದ್ದಳು.

"ಕೇಳಿ ಏನು ಮಾಡಿದ್ರು?" ಬಸ್ಸಿನೊಳಗಿಂದ ಅತ್ತಿಗೆಯ ದನಿ ಕೇಳಿಸಿತು.

"ಗಿರಾಕಿಗಳನ್ನೆಲ್ಲ, ನನ್ನನ್ನೂ ಕೈ ಮುಗಿದು ಹೊರಗೆ ಕಳಿಸಿದ್ರು ಅತ್ತಿಗೆ. ಆಮೇಲೆ ಶಟರ್ ಎಳೆದ್ರು, ಒಳಗಿನಿಂದ."