ಗಂಗಾಳದ ಆ ಕಡೆ

ಶಹಾಪುರದ ದವಾಖಾನೆಯ ಸಾಲು ನಾರಾಯಣಪುರದ ಕಾಲುವೆಗಿಂತಲೂ ಉದ್ದವಿತ್ತು. ಸಾಲಿನಲ್ಲಿದ್ದ ಖಂಡಪ್ಪನ ಕಿವಿಯೋ, ಮೂರು ಊರಾಚೆಯ ಪಿಸುಮಾತನ್ನೂ ಹಿಡಿಯುವಂಥದ್ದು. ಅವನ ಮುಂದೆ ಪುಟ್ಟ ಮಗಳ ಕೈಹಿಡಿದು ನಿಂತ ತಾಯಿಯನ್ನು ಮುದುಕಿಯೊಬ್ಬಳು ವಿಚಾರಿಸಿದಳು.

“ಕೂಸಿಗೆ ಏನಾಗೇದವ್ವಾ?”

“ಗಂಗಾಳದಾಗ ಹಾಕಿದ್ದು ಅರ್ಧಾ ಉಂಡು ಅರ್ಧಾ ಬಿಡ್ತಾಳ ಆಯಿ.”

“ಯಾವಾಗಿಂದ?”

“ಕಾಲುವಿ ನೀರು ಬಂದ ಮ್ಯಾಲ ಹೊಲದ ಪಾಲಿಗೆ ಜಗಳಾಗಿ ನಾವೂ ಭಾವನೋರೂ ಬ್ಯಾರಿ ಆಗಿ, ಪಡಸಾಲ್ಯಾಗ ಗೋಡಿ ಕಟ್ಟಿದ್ವಿ. ಆವತ್ತಿಂದ.”

“ಯಾಕ ಬಂಗಾರಿ, ಹೊಟ್ಟಿ ನೋಯ್ತದೇನು?”

“ಇಲ್ಲಾಯಿ. ಗಂಗಾಳದಾಗ ನನ್ನ ಕಡೀದು ಉಣ್ತೀನಿ. ಆ ಕಡೀದು ಮೋನಮ್ಮಂದು.”

“ಮೋನಮ್ಮ ಅಂದ್ರ?”

“ಭಾವನ ಮಗಳು.” ತಾಯಿಯ ದನಿ ಇಳಿಯಿತು. “ಎರಡೂ ಒಂದ ಗಂಗಾಳದಾಗ ಉಂಡು ಬೆಳದಾವ.”

ಒಳಗಿನಿಂದ ಹೆಸರು ಕೂಗಿದರು. ಮಗಳು ಸೆರಗು ಜಗ್ಗಿದಳು.

“ಅವ್ವಾ, ಆಕಿನೂ ನಂದು ಬಿಟ್ಟು ಉಣ್ತಾಳೇನು?”

ತಾಯಿ ಅವಳನ್ನು ಎತ್ತಿಕೊಂಡು ಒಳಹೋದಳು. ಮೂರು ಊರಾಚೆಯದನ್ನು ಕೇಳುವ ಖಂಡಪ್ಪನ ಕಿವಿಗೂ ಉತ್ತರ ಬೀಳಲಿಲ್ಲ.